ಅರ್ಕಾವತ್ತಿನ ರಾಯಭಾರ

ಎನ್.ಆರ್. ಕಾಲೋನಿಯ ನಮ್ಮ ಅಡ್ಡರಸ್ತೆಯಲ್ಲಿ ಮೊನ್ನೆ ಒಬ್ಬರು ಗೇಟಿನ ಮೇಲೆ ಮನೆಯ ಹೆಸರು ಬರೆಸುತ್ತಿದ್ದರು. ಈಗ ಇಂಥದ್ದನ್ನು ಕೈಯಲ್ಲಿ ಬರೆಸುವವರು ಯಾರು ಹೇಳಿ? ಎಲ್ಲ ಸ್ಟಿಕ್ಕರು, ಇಲ್ಲವೇ ಕತ್ತರಿಸಿ ಅಂಟಿಸಿದ ಸ್ಟೀಲಿನ ಅಕ್ಷರ. ಹಾಗಾಗಿ ಎನಾಮಲ್ ಬಣ್ಣದ ಆ ವಾಸನೆ ಮೂಗಿಗೆ ಬಡಿದಾಗ ನಾನು ಕೊತ್ತಂಬರಿ ಸೊಪ್ಪಿನ ಕಟ್ಟು ಹಿಡಿದು ಅಲ್ಲೇ ನಿಂತುಬಿಟ್ಟೆ. ಪೇಂಟರ್ ಎರಡು ಅಕ್ಷರ ಮುಗಿಸಿ ತಿರುಗಿ ನೋಡಿದ.

"ಏನು ಮೇಡಂ, ತಪ್ಪಾಗಿದ್ಯಾ?"

"ಇಲ್ಲಪ್ಪ, ಸುಮ್ನೆ ನೋಡ್ತಿದ್ದೆ."

ಅವನು ನಂಬಲಿಲ್ಲ. ಮನೆಯವರನ್ನು ಹೊರಗೆ ಕರೆದು, ಇನ್ನೊಮ್ಮೆ ಗಟ್ಟಿಯಾಗಿ ಓದಿಸಿಕೊಂಡು, ಆಮೇಲೆ ಕುಂಚ ಎತ್ತಿದ. ನನ್ನ ಮುಖದಲ್ಲಿ ಅಂಥದ್ದೇನೋ ಇದ್ದಿರಬೇಕು. ನಾನು ಏನು ಓದಬೇಕು, ಎಲ್ಲಿ ಓದಬೇಕು ಎಂಬುದು ಒಂದು ಒದ್ದೆ ಬೋರ್ಡಿನ ಮುಂದೆ ತೀರ್ಮಾನವಾಯಿತು. ಈ ಕಥೆಯನ್ನು ಹದಿನಾರು ವರ್ಷಗಳಿಂದ ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ. ಅಷ್ಟು ಸಲ ಹೇಳಿದ ಮೇಲೆ ಈಗ ನನಗೆ ನಡೆದದ್ದು ನೆನಪಿದೆಯೋ ಅಥವಾ ಹೇಳಿದ್ದು ನೆನಪಿದೆಯೋ, ಅದೇ ಅನುಮಾನ. ಆದರೂ ಮೊದಲು ಎಂದಿನ ಹಾಗೇ ಹೇಳುತ್ತೇನೆ, ನೀವೂ ಎಂದಿನ ಜಾಗದಲ್ಲಿ ನಗಿ. ಅನುಮಾನವನ್ನು ಆಮೇಲೆ ನೋಡಿಕೊಳ್ಳೋಣ.

ಆಗ ನಮ್ಮ ಮನೆ ಚಾಮರಾಜಪೇಟೆಯಲ್ಲಿತ್ತು. ಮನೆಯಲ್ಲಿ ಅಪ್ಪ, ಅಮ್ಮ, ನಾನು ಮತ್ತು ಅಮ್ಮನ ಅಪ್ಪ, ಅಂದರೆ ನನ್ನ ತಾತ. ತಾತ ಹೈಸ್ಕೂಲಿನಲ್ಲಿ ಬಹಳ ವರ್ಷ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ನಿವೃತ್ತಿ ಅವರಿಗಷ್ಟೇ ಆಗಿತ್ತು, ಅವರ ಕೆಂಪು ಪೆನ್ನಿಗೆ ಆಗಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ತಾತನ ಟೀಪಾಯಿಯ ಮೇಲೆ ಒಂದು ದಿನ ಮಲಗಬೇಕಿತ್ತು. ಒಮ್ಮೆ ಯಾರೋ ಆತುರದಲ್ಲಿ ತೋರಿಸದೆ ಅಚ್ಚು ಹಾಕಿಸಿಬಿಟ್ಟರು. ಧಾರಾ ಮುಹೂರ್ತ ಎನ್ನುವಲ್ಲಿ ಹೊಟ್ಟೆ ಸೀಳದೆ 'ದಾರಾ ಮುಹೂರ್ತ' ಎಂದಾಗಿತ್ತು. ತಾತ ಮದುವೆಗೆ ಹೋಗಲಿಲ್ಲ. "ದಾರದ ಮುಹೂರ್ತಕ್ಕೆ ದರ್ಜಿ ಹೋಗ್ಲಿ, ನಾನ್ಯಾಕೆ?" ಅಂದರು. ಅಮ್ಮ ಒಬ್ಬಳೇ ಹೋಗಿ ಊಟ ಮಾಡಿಕೊಂಡು, ಇಬ್ಬರ ಪರವಾಗಿಯೂ ಆಶೀರ್ವಾದ ಮಾಡಿ ಬಂದಳು.

ಇಂಥ ಮನೆಯಲ್ಲಿ ಪಿಯುಸಿ ಮುಗಿಸಿದ ನಾನು ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುತ್ತೇನೆ ಎಂದೆ. ನಮ್ಮ ಮಹಡಿಯ ಮೇಲೆ ಬಟ್ಟೆ ಒಣಗಿಸುವ ತಂತಿಗಾಗಿ ಮೇಲಿನ ಮನೆಯವರಿಗೂ ನಮಗೂ ವರ್ಷಗಟ್ಟಲೆ ನಡೆದ ಗಡಿ ತಕರಾರಿನಲ್ಲಿ ಎರಡೂ ಕಡೆಯವರು ನನ್ನ ಕೈಲೇ ಮಾತು ಕಳಿಸುತ್ತಿದ್ದರು. "ಅವರಿಗೆ ಹೇಳು" ಎಂದು ಇಲ್ಲಿ ಬೈದದ್ದನ್ನು ಅಲ್ಲಿ ತಲುಪಿಸುವಾಗ ಅರ್ಧ ಬೈಗುಳ ನುಂಗಿಬಿಡುತ್ತಿದ್ದೆ. ಇದೇ ಒಂದು ವಿದ್ಯೆ ಎಂದೂ ಇದನ್ನು ದೆಹಲಿಯಲ್ಲಿ ಕಲಿಸುತ್ತಾರೆ ಎಂದೂ ಪತ್ರಿಕೆಯಲ್ಲಿ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ ಎಂದು ಹೇಳುತ್ತಿರುತ್ತೇನೆ. ಬಂದಿರಬಹುದು.

ಅರ್ಜಿ ಹಾಕಿದೆ. ದೆಹಲಿಯ ಕಾಲೇಜಿನಿಂದ ಸೀಟು ಸಿಕ್ಕಿದೆ ಎಂಬ ಪತ್ರ ಬಂತು. ಗೊತ್ತು ಮಾಡಿದ ಒಂದು ಶನಿವಾರದೊಳಗೆ ಅಪ್ಪ ಸಹಿ ಹಾಕಿದ ಒಪ್ಪಿಗೆ ಪತ್ರವನ್ನು ಕಳಿಸಬೇಕು, ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ. ನನಗೆ ಹೋಗಲೇಬೇಕು. ಅಮ್ಮನಿಗೆ ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಬರುವಷ್ಟು ಹತ್ತಿರದ ಕಾಲೇಜಾಗಬೇಕು. ಅಪ್ಪ ವಿಮಾ ಕಚೇರಿಯಲ್ಲಿ ಇದ್ದವರು. ಯಾವ ಅಪಾಯವನ್ನೂ ತಾವೊಬ್ಬರೇ ಹೊರುತ್ತಿರಲಿಲ್ಲ. "ಮಾವನ್ನ ಕೇಳೋಣ. ಮಾವ ಹೂಂ ಅಂದ್ರೆ ಸಹಿ ಹಾಕ್ತೀನಿ" ಅಂದರು.

ಈ ನಡುವೆ ಅಮ್ಮ ಕಾಂಪೌಂಡ್ ಗೋಡೆಯ ಬಳಿ ಪಕ್ಕದ ಮನೆಯ ಪದ್ಮಕ್ಕನ ಹತ್ತಿರ ದುಃಖ ತೋಡಿಕೊಂಡಳು. "ಇವಳಿಗೆ ಅಂತರರಾಷ್ಟ್ರೀಯ ಸಂಬಂಧಾನೇ ಬೇಕಂತೆ ಕಣ್ರೀ. ಅದೂ ಡೆಲ್ಲೀಲಿ."

ಪದ್ಮಕ್ಕ ಸ್ವಲ್ಪವೂ ಗಾಬರಿಯಾಗಲಿಲ್ಲ. "ಡೆಲ್ಲಿ ಯಾಕ್ರೀ? ನಮ್ಮ ಓರಗಿತ್ತಿ ಅಣ್ಣನ ಮಗ ಸಿಡ್ನೀಲೇ ಇದಾನೆ. ಒಳ್ಳೇ ಹುಡುಗ. ಇಷ್ಟು ಬೇಗ ನೋಡ್ತಿದೀರಾ ಅಂತ ಗೊತ್ತಿರ್ಲಿಲ್ಲ ಅಷ್ಟೆ."

ಎರಡು ದಿನಕ್ಕೆ ಮೂಲೆಗೆ ಅರಿಶಿನ ಹಚ್ಚಿದ ಲಕೋಟೆಯಲ್ಲಿ ಹುಡುಗನ ಜಾತಕ ಬಂತು. ಅಮ್ಮ ತಲೆ ಚಚ್ಚಿಕೊಂಡಳು. ತಾತ ಮಾತ್ರ ಅದನ್ನು ಪೂರ್ತಿ ಓದಿ, ಎರಡು ಕಡೆ ತಿದ್ದಿ, ವಂದನೆಗಳೊಂದಿಗೆ ಹಿಂದಿರುಗಿಸಿದರು.

ಆಮೇಲೆ ನನ್ನ ಕಡೆ ತಿರುಗಿ, "ನೋಡು ಪುಟ್ಟೀ, ದೆಹಲಿಯ ಬಗ್ಗೆ ನಾನು ಏನೂ ಹೇಳಕ್ಕಾಗಲ್ಲ. ಅಲ್ಲಿ ಕನ್ನಡ ಬೋರ್ಡೇ ಇಲ್ಲ. ತಮ್ಮ ಹೆಸರನ್ನೇ ನೆಟ್ಟಗೆ ಬರೀತಾರೋ ಇಲ್ವೋ ಗೊತ್ತಾಗೋದು ಹೇಗೆ? ಮೊದಲು ನಮ್ಮೂರಿಂದು ನೋಡೋಣ. ಬೋರ್ಡ್ ಸರಿಯಾಗಿರೋ ಕಾಲೇಜು ಒಂದು ಸಿಕ್ಕಿದ್ರೂ ಅಲ್ಲಿಗೆ ಸೇರು. ಒಂದೂ ಸಿಗದಿದ್ರೆ ಆಮೇಲೆ ದೆಹಲಿ" ಎಂದರು.

ತಮಾಷೆಯಲ್ಲ. ಅಪ್ಪ ತಲೆಯಾಡಿಸಿದರು. ಅಮ್ಮನಿಗೂ ಇದು ನ್ಯಾಯವಾಗಿ ಕಂಡಿತು. ಬೆಂಗಳೂರಿನಂಥ ಊರಲ್ಲಿ ಸರಿಯಾದ ಬೋರ್ಡು ಒಂದಾದರೂ ಇದ್ದೇ ಇರುತ್ತದೆ ಎಂದು ಅವಳು ನಂಬಿದ್ದಳು.

ಮೊದಲು ಬಸವನಗುಡಿಯ ಕಡೆಯ ಒಂದು ಕಾಲೇಜಿಗೆ ಹೋದೆವು, ತಾತ ಮತ್ತು ನಾನು. ತಾತ ಪಂಚೆ, ಕೋಟು, ಕೈಯಲ್ಲಿ ಕೊಡೆ. ಹುಡುಗಿಯನ್ನು ನೋಡಲು ಬಂದ ಗಂಡಿನ ಕಡೆಯ ಹಿರಿಯರ ಹಾಗೆ ಗೇಟಿನಿಂದಲೇ ಕಣ್ಣು ಕಿರಿದು ಮಾಡಿಕೊಂಡು ನಡೆದರು. ಅಲ್ಲಿ ನನ್ನ ವಿಷಯಕ್ಕೆ ಬೇರೆ ವಿಭಾಗವಿರಲಿಲ್ಲ, ರಾಜ್ಯಶಾಸ್ತ್ರದಲ್ಲಿ ಅದೊಂದು ಪತ್ರಿಕೆ ಅಷ್ಟೆ. ಬಾಗಿಲ ಮೇಲೆ 'ರಾಜ್ಯಶಾಶ್ತ್ರ ವಿಭಾಗ' ಎಂದಿತ್ತು. ತಾತ ಒಳಗೆ ಕಾಲಿಡಲಿಲ್ಲ. "ಶಾಸ್ತ್ರಾನೇ ಸರಿಯಿಲ್ಲ. ಇನ್ನು ರಾಜ್ಯದ ಗತಿ ಏನು?" ಎಂದು ತಿರುಗಿದರು. ಬಾಗಿಲಲ್ಲಿ ನಿಂತಿದ್ದ ಜವಾನರು ನನ್ನನ್ನು ನೋಡಿ ಕೈಯಲ್ಲೇ ಏನಾಯಿತು ಎಂದು ಕೇಳಿದರು. ನಾನು ಕೈಯಲ್ಲೇ ಗೊತ್ತಿಲ್ಲ ಎಂದೆ. ಒಳಗೊಳಗೇ ಕುಣಿಯುತ್ತಿದ್ದೆ.

ಎರಡನೆಯದು ಮಲ್ಲೇಶ್ವರಂನಲ್ಲಿ. ಅಲ್ಲಿ ಆ ವರ್ಷವಷ್ಟೇ ನನ್ನ ವಿಷಯಕ್ಕೆ ಒಂದು ಪೂರ್ತಿ ಕೋರ್ಸು ಶುರುವಾಗಿತ್ತು. ಮೆಟ್ಟಿಲ ಕೆಳಗಿನ ಕೋಣೆ, ಅದರ ಮೇಲೆ 'ಅಂತರಾಷ್ಟ್ರೀಯ ಸಂಬಂದ ವಿಭಾಗ'. ವಿಭಾಗದ ಮುಖ್ಯಸ್ಥರು ಬಾಗಿಲಿಗೇ ಬಂದು ಸ್ವಾಗತಿಸಿದರು. ಅವರಿಗೆ ವಿದ್ಯಾರ್ಥಿಗಳ ಅಗತ್ಯ ಎಷ್ಟಿತ್ತೆಂದರೆ ತಾತನನ್ನೇ ಸೇರಿಸಿಕೊಳ್ಳುತ್ತಿದ್ದರೋ ಏನೋ.

"ಬನ್ನಿ ಸರ್, ಬನ್ನಿ. ಹನ್ನೊಂದು ಜನ ಆಗಿದಾರೆ. ಹನ್ನೆರಡು ಆದ್ರೆ ಕೋರ್ಸು ನಿಲ್ಲುತ್ತೆ."

"ನಿಲ್ಲುತ್ತೆ ಅಂದ್ರೆ? ನಿಂತು ಹೋಗುತ್ತೋ, ನೆಲೆ ನಿಲ್ಲುತ್ತೋ?"

"ಅಯ್ಯೋ, ನೆಲೆ ನಿಲ್ಲುತ್ತೆ ಸರ್."

"ಹಾಗೆ ಬಿಡಿಸಿ ಹೇಳ್ಬೇಕು. ಎರಡು ದೇಶದ ಮಧ್ಯೆ ಹೀಗೆ ಮಾತಾಡಿದ್ರೆ ಯುದ್ಧ ಆಗುತ್ತೆ." ತಾತ ಕೊಡೆಯ ತುದಿಯನ್ನು ಬೋರ್ಡಿನತ್ತ ಎತ್ತಿದರು. "ಇಲ್ಲೊಂದು ರ ಇರ್ಬೇಕಿತ್ತಲ್ಲ, ಎಲ್ಲಿ ಹೋಯ್ತು?"

"ಸರ್?"

"ಅಂತರ ಒಂದು ಪದ, ರಾಷ್ಟ್ರೀಯ ಒಂದು ಪದ. ಎರಡು ರ ಬರ್ಬೇಕು. ನೀವು ಒಂದನ್ನ ನುಂಗಿದೀರಿ. ಸಂಬಂಧಕ್ಕೆ ಹೊಟ್ಟೇನೂ ಸೀಳಿಲ್ಲ."

"ಪೇಂಟರ್ ತಪ್ಪು ಸರ್. ಪೇಪರ್‌ನಲ್ಲಿ ಅಂತಾರಾಷ್ಟ್ರೀಯ ಅಂತಾನೂ ಬರೀತಾರಲ್ಲ, ಅದು..."

"ಅದಕ್ಕೆ ಸಂಧಿಯಲ್ಲಿ ಒಂದು ದಾರಿ ಇದೆ, ಒಪ್ಪಬಹುದು. ಇದಕ್ಕೆ ಯಾವ ದಾರೀನೂ ಇಲ್ಲ. ಇನ್ನು ಕೆಲವರು ಅಂತರ್ರಾಷ್ಟ್ರೀಯ ಅಂತ ಅರ್ಕಾವತ್ತು ಕೊಡ್ತಾರೆ. ಹಾಗೆ ಬರೆದ್ರೆ ದೇಶದ ಒಳಗಿಂದು ಅಂತಾಗುತ್ತೆ. ಆಮೇಲೆ ನಿಮ್ಮ ಹನ್ನೊಂದು ಮಕ್ಕಳೂ ಮಂಡ್ಯಕ್ಕೂ ಮೈಸೂರಿಗೂ ಇರೋ ಸಂಬಂಧ ಓದ್ತಾ ಕೂತ್ಕೋಬೇಕಾಗುತ್ತೆ."

ಮುಖ್ಯಸ್ಥರು ಮೊದಲ ಬಾರಿಗೆ ನಕ್ಕರು. ಪಾಪ, ಒಳ್ಳೆಯವರು. ಕಾಫಿ ತರಿಸಿದರು. ಕಾಫಿ ಮುಗಿಯುವುದರೊಳಗೆ ಇಬ್ಬರ ನಡುವೆ ಒಪ್ಪಂದವಾಗಿತ್ತು. ಶುಕ್ರವಾರದೊಳಗೆ ಬೋರ್ಡು ಸರಿಯಾದರೆ ಶನಿವಾರ ನಾನು ಇಲ್ಲಿಗೆ ಸೇರುವುದು, ಆಗದಿದ್ದರೆ ಇಲ್ಲ. ಮರುಬರವಣಿಗೆಗೆ ಸರಿಯಾದ ರೂಪವನ್ನು ತಾತನೇ ಚೀಟಿಯಲ್ಲಿ ಬರೆದುಕೊಡುವುದು. ಇಬ್ಬರೂ ಎದ್ದು ನಿಂತು ಕೈ ಕುಲುಕಿದರು. ನಡುವಿನ ಕುರ್ಚಿಯಲ್ಲಿ ನಾನು, ಎರಡು ದೇಶಗಳು ತಮ್ಮಲ್ಲೇ ಹಂಚಿಕೊಂಡ ದ್ವೀಪದ ಹಾಗೆ, ಬಿಸ್ಕತ್ತು ಹಿಡಿದು ಕೂತಿದ್ದೆ. ದೆಹಲಿಯ ಕೊನೆಯ ದಿನವೂ ಅದೇ ಶನಿವಾರವಾಗಿತ್ತು. ಒಂದು ರ-ಕಾರ, ಒಂದು ಹೊಟ್ಟೆ ಸೀಳು. ಅವೆರಡೂ ಸರಿಹೋದರೆ ನನ್ನ ದೆಹಲಿ ಮುಗಿಯಿತು.

ಇನ್ನು ನನ್ನ ಪರಾಕ್ರಮ. ಗುರುವಾರ ತಾತ ಚೀಟಿ ಬರೆದು, "ಇದನ್ನ ಪೇಂಟರ್ ಕೈಗೇ ಕೊಟ್ಟು ಬಾ" ಎಂದು ನನ್ನನ್ನೇ ಕಳಿಸಿದರು. ಪೇಂಟರ್ ಅಂಗಡಿ ಶ್ರೀರಾಂಪುರದಲ್ಲಿ. ನಾನು ಆಟೋ ಇಳಿದು, ಅಂಗಡಿಗೆ ಹತ್ತು ಹೆಜ್ಜೆ ಇರುವಾಗ ತಾತನ ಚೀಟಿಯನ್ನು ನಾಲ್ಕು ಚೂರು ಮಾಡಿ ಮೋರಿಗೆ ಹಾಕಿದೆ. ಬ್ಯಾಗಿನಿಂದ ಒಂದು ಹಾಳೆ ಹರಿದು, ಬೇಕೆಂದೇ ಅರ್ಕಾವತ್ತು ಕೊಟ್ಟು ಬರೆದೆ. ಸಂಬಂಧಕ್ಕೆ ಮಾತ್ರ ಹೊಟ್ಟೆ ಸೀಳಿದೆ, ಎರಡೂ ತಪ್ಪಾದರೆ ಅನುಮಾನ ಬರುತ್ತದಲ್ಲ. ಪೇಂಟರ್ ತಗಡಿನ ಮೇಲೆ 'ನಾಯಿ ಇದೆ, ಎಚ್ಚರಿಕೆ' ಬರೆಯುತ್ತಿದ್ದರು. ಚೀಟಿ ಇಸಿದುಕೊಂಡು ಗೋಡೆಯ ಮೊಳೆಗೆ ಚುಚ್ಚಿದರು.

"ಸರಿಯಾಗಿದ್ಯಾ ಅಂತ ಒಂದ್ಸಲ ಓದಿ ನೋಡಿ ಅಣ್ಣ" ಎಂದೆ, ಕಳ್ಳಿಯ ಹಾಗೆ.

"ನಾನು ಓದಲ್ಲಮ್ಮ, ಬರೀತೀನಿ. ಓದಕ್ಕೆ ಶುರು ಮಾಡಿದ್ರೆ ಕೈ ನಡುಗುತ್ತೆ. ಚೀಟೀಲಿ ಏನಿದ್ಯೋ ಬೋರ್ಡಲ್ಲಿ ಅದೇ ಬರುತ್ತೆ. ಹೋಗ್ಬನ್ನಿ."

ನಾನು ಈ ಕಥೆ ಹೇಳುವಾಗ ಸಾಮಾನ್ಯವಾಗಿ ಎಲ್ಲರೂ ನಗುವ ಜಾಗ ಇದು.

ಶುಕ್ರವಾರ ಅಪ್ಪನೂ ಅರ್ಧ ದಿನ ರಜೆ ಹಾಕಿ, ದೆಹಲಿಯ ಕಾಗದ ಜೇಬಿನಲ್ಲಿಟ್ಟುಕೊಂಡು ಬಂದರು. ಬೋರ್ಡು ಇನ್ನೂ ಒದ್ದೆ. ಕಾರಿಡಾರಿನ ಗೋಡೆಗೆ ಒರಗಿಸಿಟ್ಟಿದ್ದರು. ಮುಖ್ಯಸ್ಥರು ಅದರ ಪಕ್ಕ ನಿಂತಿದ್ದರು, ಮಗುವಿಗೆ ಸ್ನಾನ ಮಾಡಿಸಿ ಪೌಡರ್ ಹಾಕಿ ನೆಂಟರಿಗೆ ತೋರಿಸುವ ತಂದೆಯ ಹಾಗೆ. ತಾತ ಕನ್ನಡಕ ಹಾಕಿಕೊಂಡು ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಸಂಬಂಧ ಚೆನ್ನಾಗಿದೆ" ಅಂದರು. ಆಮೇಲೆ, "ಅರ್ಕಾವತ್ತು ಬಂದಿದೆ."

ಮುಖ್ಯಸ್ಥರ ಮುಖ ಇಳಿಯಿತು. "ಥೂ, ಈ ಪೇಂಟರ್! ನಾಳೆ ಬೆಳಿಗ್ಗೆ ಹತ್ತಕ್ಕೆ ಮತ್ತೆ ಬರೆಸಿಬಿಡ್ತೀನಿ ಸರ್. ಒಂದು ದಿನ ಕೊಡಿ."

"ಪೇಂಟರ್‌ನ ಬೈಬೇಡಿ. ಪೇಂಟರ್ ಆದೋನು ಅಕ್ಷರ ನುಂಗ್ತಾನೆ, ಎಲ್ಲಿಂದಲೋ ಅರ್ಕಾವತ್ತು ತಂದು ಕೂರಿಸಲ್ಲ. ಇದು ಓದ್ಕೊಂಡೋರು ಮಾಡಿರೋ ತಪ್ಪು." ತಾತ ಎದ್ದು ನಿಂತು ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ. ಆಮೇಲೆ ಅವರು ಅಪ್ಪನಿಗೆ ಹೇಳಿದರು: "ಒಪ್ಪಂದ ಅಂದ್ರೆ ಒಪ್ಪಂದ. ದೆಹಲಿ ಕಾಗದಕ್ಕೆ ಸಹಿ ಹಾಕಿಬಿಡಿ ಅಳಿಯಂದ್ರೇ."

"ಪೆನ್ನಿಲ್ಲ ಮಾವ" ಅಂದರು ಅಪ್ಪ, ಸಮಯ ಸಿಕ್ಕರೆ ಸಿಗಲಿ ಎಂಬಂತೆ.

ತಾತ ಜೇಬಿನಿಂದ ಕೆಂಪು ಪೆನ್ನು ತೆಗೆದು ಕೊಟ್ಟರು. ದೆಹಲಿಯ ಕಾಲೇಜಿನ ಕಡತದಲ್ಲಿ ನನ್ನ ಒಪ್ಪಿಗೆ ಪತ್ರವೊಂದೇ ಕೆಂಪು 'ರೈಟ್' ಹಾಕಿಸಿಕೊಂಡ ಉತ್ತರಪತ್ರಿಕೆಯಂತೆ ಇದ್ದಿರಬೇಕು.

ಕಥೆ ಇಷ್ಟೇ. ಇದನ್ನು ನಾನು ಮೊದಲು ಹೇಳಿದ್ದು ದೆಹಲಿಯ ಹಾಸ್ಟೆಲಿನಲ್ಲಿ, ಕನ್ನಡದ ಗಂಧವಿಲ್ಲದ ಹುಡುಗಿಯರಿಗೆ. ಅರ್ಕಾವತ್ತು ಎಂದರೇನೆಂದು ಹಾಳೆಯ ಮೇಲೆ ಬರೆದು ತೋರಿಸಬೇಕಾಯಿತು. ಅವರು ಬಿದ್ದು ಬಿದ್ದು ನಕ್ಕರು. ಹಾಸ್ಟೆಲಿನಲ್ಲಿ ನನಗೊಂದು ಸ್ಥಾನ ಸಿಕ್ಕಿತು: ಹದಿನೆಂಟಕ್ಕೇ ವ್ಯಾಕರಣವನ್ನು ಆಯುಧ ಮಾಡಿಕೊಂಡು ಇಬ್ಬರು ಹಿರಿಯರನ್ನು ಸೋಲಿಸಿದವಳು. ಮಲ್ಲೇಶ್ವರಂನ ಆ ಮುಖ್ಯಸ್ಥರಿಗೆ ಹನ್ನೆರಡನೆಯವರು ಸಿಕ್ಕರೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಕಥೆಯಲ್ಲಿ ಅವರ ಕೆಲಸ ಶುಕ್ರವಾರಕ್ಕೆ ಮುಗಿದುಹೋಗುತ್ತಿತ್ತು. ಇದು ನನಗೆ ಹೊಳೆದದ್ದು ಈಗ, ಬರೆಯುವಾಗ.

ಬರೆಯುವುದರ ತೊಂದರೆಯೇ ಇದು. ಬಾಯಲ್ಲಿ ಹೇಳುವಾಗ ನಗು ಬರುವುದರೊಳಗೆ ಮುಂದೆ ಹೋಗಿಬಿಡಬಹುದು. ಬರೆಯುವಾಗ ಪ್ರತಿ ವಾಕ್ಯವೂ 'ಹೌದಾ?' ಎಂದು ಕೇಳುತ್ತದೆ. ಆಟೋ ಇಳಿದೆ, ಚೀಟಿ ಹರಿದೆ, ಮೋರಿಗೆ ಹಾಕಿದೆ. ಹೌದಾ? ಆ ಬೀದಿಯಲ್ಲಿ ಮೋರಿ ಎಲ್ಲಿತ್ತು? ನಾನು ಎಂಟನೇ ಕ್ಲಾಸಿನಿಂದ ಡೈರಿ ಬರೆಯುವವಳು. ಅಟ್ಟದಿಂದ ಆ ವರ್ಷದ್ದನ್ನು ಇಳಿಸಿದೆ.

ಮಲ್ಲೇಶ್ವರಂಗೆ ಹೋದ ದಿನದ ಪುಟದಲ್ಲಿ ಮೂರೇ ಸಾಲು. 'ತಾತನ ಜೊತೆ ಕಾಲೇಜಿಗೆ ಹೋಗಿದ್ದೆ. ತಾತ ಏನೋ ತುಂಬ ಮಾತಾಡಿದರು, ನಾನು ಕೇಳಿಸಿಕೊಳ್ಳಲಿಲ್ಲ. ಬರುವಾಗ ದೋಸೆ ತಿಂದೆವು, ಚೆನ್ನಾಗಿತ್ತು.'

ಗುರುವಾರದ ಪುಟ ಹೀಗಿದೆ: 'ತಾತ ಕೊಟ್ಟ ಚೀಟಿ ಆಟೋದಲ್ಲೇ ಬಿಟ್ಟುಬಿಟ್ಟೆ. ಹೇಳಿದರೆ ಬೈತಾರೆ. ಪೇಂಟರಿಗೆ ನಾನೇ ಬರೆದುಕೊಟ್ಟೆ. ಸರಿಯಾಗಿಯೇ ಬರೆದಿದ್ದೇನೆ.'

ಸರಿಯಾಗಿಯೇ! ನಾನು ಹಿಂದಿನ ಪುಟಗಳನ್ನು ತಿರುಗಿಸಿದೆ. ಮಾರ್ಚಿನಿಂದಲೇ ಆ ಪದ ಬರುತ್ತದೆ, ಮತ್ತೆ ಮತ್ತೆ ಬರುತ್ತದೆ, ಬಂದಲ್ಲೆಲ್ಲ ಅರ್ಕಾವತ್ತು ಹೊತ್ತುಕೊಂಡೇ ಬರುತ್ತದೆ. ಎಲ್ಲಿಂದ ಬಂತು ಅದು? ಅದಕ್ಕೂ ಉತ್ತರವಿತ್ತು. ದೆಹಲಿಯ ಕಾಲೇಜಿನ ಕೈಪಿಡಿಯ ರಕ್ಷಾಪುಟದಲ್ಲಿ ಇಂಗ್ಲಿಷಿನ ಕೆಳಗೆ ಹಿಂದಿಯಲ್ಲಿಯೂ ವಿಭಾಗದ ಹೆಸರಿತ್ತಂತೆ. ಅದನ್ನು ಒಂದು ಪುಟದ ತುಂಬ ಅಕ್ಷರಕ್ಕೆ ಅಕ್ಷರ ಕನ್ನಡದಲ್ಲಿ ಇಳಿಸಿಕೊಂಡಿದ್ದೇನೆ, ಸುತ್ತ ಹೂಬಳ್ಳಿ ಬೇರೆ.

ಅಂದರೆ ನಾನು ಸಂಚು ಮಾಡಿರಲಿಲ್ಲ. ಪಂಡಿತರ ಮೊಮ್ಮಗಳಿಗೆ ಕಾಗುಣಿತ ಬರುತ್ತಿರಲಿಲ್ಲ, ಅಷ್ಟೆ.

ಆದರೆ ತಡೆಯಿರಿ, ಡೈರಿಯನ್ನೂ ನಂಬುವ ಹಾಗಿಲ್ಲ. ಆಗ ಅಮ್ಮ ನನ್ನ ಡೈರಿ ಓದುತ್ತಾಳೆ ಎಂಬ ಗುಮಾನಿ ನನಗಿತ್ತು. ಸಿಕ್ಕಿಬಿದ್ದರೆ ಇರಲಿ ಎಂದು 'ಆಟೋದಲ್ಲಿ ಬಿಟ್ಟೆ' ಎಂದು ಬರೆದಿರಲೂಬಹುದು. ಹದಿನೆಂಟರ ನಾನು ಅಷ್ಟು ಜಾಣೆಯೇ, ಅಥವಾ ಅಷ್ಟು ಪೆದ್ದಿಯೇ? ತಾತ ಹೋಗಿ ಒಂಬತ್ತು ವರ್ಷ. ಅಪ್ಪನನ್ನು ಕೇಳಿದರೆ ಅಮ್ಮನನ್ನು ಕೇಳು ಎನ್ನುತ್ತಾರೆ. ಅಪ್ಪ ಅಮ್ಮ ಈಗಿರುವ ಗವಿಪುರಂ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಆದರೂ ಮುಖ ನೋಡಿಕೊಂಡು ಕೇಳಲಾಗದೆ ಫೋನ್ ಮಾಡಿದೆ.

"ಅಮ್ಮ, ಆಗೆಲ್ಲ ನೀನು ನನ್ನ ಡೈರಿ ಓದ್ತಿದ್ಯಾ?"

"ಓದ್ತಿದ್ದೆ. ಹದಿನಾರು ವರ್ಷ ಆದ್ಮೇಲೆ ಜಗಳಕ್ಕೆ ಬಂದ್ಯಾ?"

"ಜಗಳ ಅಲ್ಲ, ಸುಮ್ನೆ ಕೇಳ್ದೆ."

"ಓದಿ ತಾತಂಗೆ ಕೊಡ್ತಿದ್ದೆ. ಪೆನ್ನು ಮಾತ್ರ ಕಿತ್ತಿಟ್ಕೊಂಡೇ ಕೊಡ್ತಿದ್ದೆ. ತಿದ್ದಿಬಿಟ್ರೆ ನಿಂಗೆ ಗೊತ್ತಾಗುತ್ತಲ್ಲ. ಪಾಪ, ಒದ್ದಾಡ್ತಿದ್ರು."

"ಹಾಗಾದ್ರೆ ಆ ಬೋರ್ಡು..."

"ನೋಡಿದ ತಕ್ಷಣ ಗೊತ್ತಾಯ್ತಂತೆ. ಮನೆಗೆ ಬಂದು ಹೇಳಿದ್ರು, ನಿನ್ನ ಮಗಳು ಡೈರೀಲಿ ಹೇಗೆ ಬರೀತಾಳೋ ಬೋರ್ಡಿನ ಮೇಲೂ ಹಾಗೇ ಬರೆಸಿದಾಳೆ ಅಂತ. ಅಷ್ಟು ಜನದ ಮುಂದೆ ಮೊಮ್ಮಗಳ ಮಾನ ಹೋಗುತ್ತಲ್ಲ ಅಂತ ಓದ್ಕೊಂಡೋರ ತಪ್ಪು ಅಂದ್ರಂತೆ."

"ನಾನು ಬೇಕಂತ ಮಾಡಿದೆ ಅನ್ಕೊಂಡಿರ್ಬಹುದಲ್ಲ?"

ಅಮ್ಮ ಜೋರಾಗಿ ನಕ್ಕಳು. "ಬೇಕಂತಾನಾ? ನಿಂಗೆ ಅಷ್ಟು ವ್ಯಾಕರಣ ಎಲ್ಲಿ ಬರ್ತಿತ್ತೇ?"

"ಮತ್ತೆ ಯಾಕೆ ಕಳಿಸಿದ್ರು? ಆ ಮೇಷ್ಟ್ರು ಮಾರನೇ ದಿನಾನೇ ಬೋರ್ಡ್ ಸರಿ ಮಾಡಿಸ್ತೀನಿ ಅಂದಿದ್ರು."

"ನಾನೂ ಅದನ್ನೇ ಕೇಳಿ ಅವತ್ತು ಅವರ ಜೊತೆ ಜಗಳ ಆಡ್ದೆ. ಒಂದು ದಿನ ಕೊಟ್ಟಿದ್ರೆ ಮಗಳು ಮನೇಲಿರ್ತಿದ್ಲು ಅಂತ. ಅದಕ್ಕೆ, 'ಆ ಡೈರೀಲಿ ನೂರು ತಪ್ಪಿದೆ ಕಣೇ, ಹೋಗಬೇಕು ಅನ್ನೋದನ್ನ ಮಾತ್ರ ಒಂದು ಕಡೇನೂ ತಪ್ಪು ಬರೆದಿಲ್ಲ' ಅಂದ್ರು. ಆಮೇಲೆ ನಾನೂ ಸುಮ್ನಾದೆ. ಇರು, ಕುಕ್ಕರ್ ಕೂಗ್ತಿದೆ."

ಫೋನಿಟ್ಟು ಡೈರಿಯನ್ನು ಮಾರ್ಚಿನಿಂದ ಮತ್ತೆ ತೆರೆದೆ. ಅದರಲ್ಲಿ ಆ ಮಾತು ಅಷ್ಟು ಸಲ ಇದೆ ಎಂಬುದೇ ನನಗೆ ಮರೆತುಹೋಗಿತ್ತು. ದಿನಕ್ಕೊಂದು, ಕೆಲವು ದಿನ ಎರಡು, ಒಂದು ದಿನ ಬೇರೇನೂ ಇಲ್ಲದೆ ಅದೊಂದೇ. ಪೆನ್ನಿಲ್ಲದೆ ಕೂತು ತಾತ ಓದಿರಬಹುದಾದ ಹಾಗೆ ನಾನೂ ಬೆರಳಿಟ್ಟು ನೋಡುತ್ತ ಹೋದೆ. ಹೋ ಸರಿ. ಗ ಸರಿ. ಬೇ ಸರಿ. ಕು ಸರಿ.